ವಿಭೂತಿಯಿಂದ ಸರಿದ ಡಬಲ್ ಬಾಂಡ್

ಹೋದ ತಿಂಗಳು ಕಲಬುರಗಿಯಲ್ಲಿ ಹಲ್ಲಿನ ಡಾಕ್ಟರು ನನ್ನ ಹುಳುಕು ದವಡೆಗೆ ಲವಂಗದೆಣ್ಣೆಯ ಹತ್ತಿ ಒತ್ತಿದಾಗ, ನೋವು ಇಳಿಯುವ ಮೊದಲೇ ಕಣ್ಣ ಮುಂದೆ ಬಂದದ್ದು ಬಿರಾದಾರ ಸರ್ ಅವರ ಮುಖ. ಹೆಗಲ ಮೇಲೆ ಯಾರೋ ಹೊದಿಸಿದ ಶಾಲು, ಹಣೆಯಲ್ಲಿ ಅಚ್ಚುಕಟ್ಟಾದ ಮೂರೆಳೆ ವಿಭೂತಿ, ಸದಾ ಯಾವುದೋ ಕ್ಯಾಮೆರಾದತ್ತ ಅರ್ಧ ತಿರುಗಿದ ಕತ್ತು. "ಬಾಯಿ ಇನ್ನಷ್ಟು ತೆಗೀರಿ," ಅಂದರು ಡಾಕ್ಟರು. ನಾನು ಬಿಗಿಯಾಗಿ ಮುಚ್ಚಿಕೊಂಡಿದ್ದೆ. ಆ ಮನುಷ್ಯನ ನೆನಪಾದರೆ ನನ್ನ ಹಲ್ಲುಗಳು ತಾವಾಗಿಯೇ ಕಚ್ಚಿಕೊಳ್ಳುತ್ತವೆ.

ಮಹಾರಾಷ್ಟ್ರದ ಗಡಿಯ ಉದಗೀರದಲ್ಲಿ, ಅವರ ಕಾಲೇಜಿನಲ್ಲಿ, ನಾನಿದ್ದದ್ದು ಒಂದೇ ವರ್ಷ. ಒಂದು ಮುಂಗಾರಿನಲ್ಲಿ ಹೋದೆ, ಮುಂದಿನ ಮುಂಗಾರು ಬರುವ ಮೊದಲು ಬಿಟ್ಟುಬಂದೆ. ಅಪ್ಪನದು ಕಾಸಾರಶಿರಸಿಯಲ್ಲಿ ಧಾನ್ಯದ ಅಡತಿ ಅಂಗಡಿ. ನಮ್ಮ ಮನೆತನದಲ್ಲಿ ತೊಗರಿ, ಸೋಯಾ, ಕಡಲೆಯ ಭಾವದ ಮಾತು ಬಿಟ್ಟರೆ ಬೇರೆ ಮಾತು ಕಡಿಮೆ. ರಸಾಯನಶಾಸ್ತ್ರದಲ್ಲಿ ಎಮ್ಮೆಸ್ಸಿ ಮುಗಿಸಿ ಪಿಎಚ್‌ಡಿಗೆ ಸೇರುತ್ತೇನೆ ಅಂದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಮಾಸ್ತರ ಹೆಂಥಾಂವಾ ಇದ್ದಾನ?"

"ಭಾಳ ದೊಡ್ಡ ಹೆಸರದ ಅಪ್ಪಾ," ಅಂದೆ. ಹೆಸರು ದೊಡ್ಡದೇ ಇತ್ತು. ಕಾಲೇಜಿನ ಗೇಟಿನಲ್ಲಿ, ನೋಟಿಸ್ ಬೋರ್ಡಿನಲ್ಲಿ, ಕ್ಯಾಂಟೀನಿನ ಗೋಡೆಯಲ್ಲಿ, ಎಲ್ಲ ಕಡೆ ಅದೇ ಹೆಸರು, ಅದೇ ಫೋಟೋ.

ಬಿರಾದಾರ ಸರ್ ಮೂರು ಭಾಷೆಗಳನ್ನು ಮೂರು ಚಪ್ಪಲಿ ಜೋಡಿಗಳಂತೆ ಇಟ್ಟುಕೊಂಡಿದ್ದರು. ಹೊರಗಿನವರು ಬಂದರೆ ಇಂಗ್ಲಿಷ್, ಆಡಳಿತ ಮಂಡಳಿಯವರು ಬಂದರೆ ಮರಾಠಿ, ನಮ್ಮಿಂದ ಏನಾದರೂ ಕೆಲಸ ಆಗಬೇಕಾದರೆ ಮಾತ್ರ ಕನ್ನಡ. "ಶೋಭಾ, ನಮ್ಮ ಮನಿ ಮಗಳಿದ್ದಂಗ ನೀ," ಎಂದರೆ ಆವತ್ತು ಅವರ ಮಗನ ಟ್ಯೂಶನ್ನೋ, ಅವರ ಭಾಷಣದ ಸ್ಲೈಡುಗಳೋ ನನ್ನ ತಲೆಗೆ ಬಂದವೆಂದೇ ಅರ್ಥ. ಪ್ರಯೋಗಾಲಯಕ್ಕೆ ಅವರು ಕಾಲಿಡುತ್ತಿದ್ದದ್ದು ಫೋಟೋದವನು ಬಂದಾಗ. ಬಿಳಿ ಕೋಟು ತೊಟ್ಟು, ನೀಲಿ ಬಣ್ಣದ ನೀರು ತುಂಬಿದ ಗಾಜಿನ ಪಾತ್ರೆಯನ್ನು ಎತ್ತಿ ಹಿಡಿದು ಗಂಭೀರವಾಗಿ ನೋಡುತ್ತಿದ್ದರು. ಅದು ಮೈಲುತುತ್ತ ಕರಗಿಸಿದ ನೀರು. ಫೋಟೋಕ್ಕೆಂದೇ ಒಂದು ಸೀಸೆಯಲ್ಲಿ ಕಲಸಿಟ್ಟಿದ್ದೆವು.

ಅವರ ವಿಷಯ 'ಹಸಿರು ರಸಾಯನ'. ವಿಷಕಾರಿ ವಸ್ತುಗಳನ್ನು ಬಿಟ್ಟು ಅಡುಗೆಮನೆ, ಹಿತ್ತಲಿನ ಸಾಮಾನುಗಳಿಂದ ರಾಸಾಯನಿಕ ಕ್ರಿಯೆ ನಡೆಸುವುದು. ಒಳ್ಳೆಯ ವಿಚಾರವೇ, ಜಗತ್ತಿನಲ್ಲಿ ಅದನ್ನು ಪ್ರಾಮಾಣಿಕವಾಗಿ ಮಾಡುವವರಿದ್ದಾರೆ. ನಮ್ಮ ಸರ್ ಮಾತ್ರ ಸಂತೆಗೆ ಹೋದವರಂತೆ ಮಾಡುತ್ತಿದ್ದರು. ಒಂದು ವರ್ಷ ಲಿಂಬೆರಸ, ಒಂದು ವರ್ಷ ಬಾಳೆಸಿಪ್ಪೆಯ ಬೂದಿ, ಒಂದು ವರ್ಷ ಮೊಟ್ಟೆಯ ಚಿಪ್ಪು. ಪ್ರತಿಯೊಂದಕ್ಕೂ ಒಂದು ಲೇಖನ, ಪ್ರತಿ ಲೇಖನಕ್ಕೂ ಒಂದು ಶಾಲು.

ನಾನು ಸೇರಿದ ಮಳೆಗಾಲದಲ್ಲಿ ಅವರ ಕಣ್ಣು ದೇವರ ಜಗಲಿಯ ಮೇಲೆ ಬಿತ್ತು.

ಆಗ ಪ್ರಯೋಗಾಲಯದಲ್ಲಿ ನಾವಿಬ್ಬರೇ ಇದ್ದೆವು. ನಾನು, ಮತ್ತು ಇರ್ಫಾನ್ ಭಾಯಿ. ಅವರು ಉದಗೀರದವರೇ. ತಾಯಿಯ ತವರು ಬೀದರಾದ್ದರಿಂದ ನನ್ನೊಂದಿಗೆ ಕನ್ನಡ ಮಾತಾಡುತ್ತಿದ್ದರು. ನನಗಿಂತ ಹಿರಿಯರು, ಮದುವೆಯಾಗಿತ್ತು, ಒಂದು ಹೆಣ್ಣುಮಗುವಿತ್ತು. ಅವರ ಪಿಎಚ್‌ಡಿ ಕೊನೆಯ ವರ್ಷಕ್ಕೆ ಬಂದು ನಿಂತಿತ್ತು. ಅದಕ್ಕೆ ಒಂದು ಕೊನೆಯ ಅಧ್ಯಾಯ ಬೇಕಾಗಿತ್ತು. ಉಮರ್ಗಾದ ಒಂದು ಕಾಲೇಜಿನಲ್ಲಿ ಅವರಿಗೆ ಕೆಲಸ ಕೊಡಲು ಒಪ್ಪಿದ್ದರು, ಡಿಗ್ರಿ ಕೈಗೆ ಬಂದರೆ ಮಾತ್ರ.

ಆ ಅಧ್ಯಾಯಕ್ಕೆ ಸರ್ ಆರಿಸಿದ್ದು ಲವಂಗದೆಣ್ಣೆ. ಅದರ ಸತ್ವಕ್ಕೆ ಯೂಜಿನಾಲ್ ಎಂದು ಹೆಸರು. ಆ ಅಣುವಿನಲ್ಲಿ ಒಂದು ಉಂಗುರ, ಉಂಗುರಕ್ಕೆ ಅಂಟಿದ ಮೂರು ಇಂಗಾಲಗಳ ಒಂದು ಬಾಲ. ಬಾಲದ ಕೊನೆಯ ಎರಡು ಇಂಗಾಲಗಳ ನಡುವೆ ಒಂದರ ಬದಲು ಎರಡು ಬಂಧಗಳಿವೆ. ಅದೇ ಡಬಲ್ ಬಾಂಡ್. ಆ ಜೋಡಿ ಬಂಧವನ್ನು ತುದಿಯಿಂದ ಬಿಡಿಸಿ ಉಂಗುರದ ಪಕ್ಕಕ್ಕೆ ಸರಿಸಿದರೆ ಅಣುವಿನಲ್ಲಿ ಏನೂ ಸೇರುವುದಿಲ್ಲ, ಏನೂ ಕಳೆಯುವುದಿಲ್ಲ. ಆದರೆ ವಸ್ತುವೇ ಬೇರೆಯಾಗುತ್ತದೆ. ಲವಂಗದ ಚುರುಕು ವಾಸನೆ ಹೋಗಿ ಹೂವಿನಂಥ ಮೆತ್ತನೆಯ ವಾಸನೆ ಬರುತ್ತದೆ. ಅತ್ತರಿನವರಿಗೆ ಅದು ಬೇಕು, ವೆನಿಲಾ ತಯಾರಿಸುವವರಿಗೂ ಬೇಕು. ಸರಿಸುವ ಹಳೆಯ ದಾರಿಯೆಂದರೆ ಉಗ್ರ ಕ್ಷಾರದಲ್ಲಿ ಹಾಕಿ ವಿಪರೀತ ಕಾಯಿಸುವುದು. ಇಲ್ಲವೆ ದುಬಾರಿ ಲೋಹಗಳನ್ನು ಬಳಸುವುದು.

ಸರ್ ಒಂದು ಬೆಳಿಗ್ಗೆ ಅಂಗೈಯಲ್ಲಿ ವಿಭೂತಿ ಗಟ್ಟಿ ಹಿಡಿದು ಬಂದರು. "ಇರ್ಫಾನ್, ಇದನ್ನ ಅರದು ಹಾಕಿ ನೋಡು. ಸ್ಪಿರಿಟ್‌ನ್ಯಾಗ, ಉಗುರುಬೆಚ್ಚಗ."

ಇರ್ಫಾನ್ ಭಾಯಿ ನನ್ನ ಮುಖ ನೋಡಿದರು. ನಾನು ಕಿಟಕಿಯ ಆಚೆ ಮಳೆ ನೋಡಿದೆ. ನಗು ತಡೆಯುವುದಕ್ಕೆ ಬೇರೆ ದಾರಿ ಇರಲಿಲ್ಲ.

ಆದರೆ ಅದು ಕೆಲಸ ಮಾಡಿತು! ಸಂಜೆಯ ಹೊತ್ತಿಗೆ ಪಾತ್ರೆಯಿಂದ ಲವಂಗದ ವಾಸನೆ ಹೋಗಿತ್ತು. ಸೊಲ್ಲಾಪುರಕ್ಕೆ ಪರೀಕ್ಷೆಗೆ ಕಳಿಸಿದ ಮಾದರಿಯ ವರದಿ ಬಂತು. ಡಬಲ್ ಬಾಂಡ್ ಸರಿದಿದೆ, ಬಹುಪಾಲು ಸರಿದಿದೆ. ನಾನು ಸೋತೆನೆಂದೇ ತಿಳಿದೆ. ಸರ್ ಹಂಚಿದ ಪೇಢೆ ತಿಂದೆ.

ಶ್ರಾವಣ ಬರುವಷ್ಟರಲ್ಲಿ ಊರಿಗೆ ಹಬ್ಬ. ಮರಾಠಿ ಪತ್ರಿಕೆಯಲ್ಲಿ ಸರ್ ಫೋಟೋ, ಒಂದು ಕೈಯಲ್ಲಿ ವಿಭೂತಿ ಗಟ್ಟಿ, ಇನ್ನೊಂದು ಕೈಯಲ್ಲಿ ನಮ್ಮ ಮೈಲುತುತ್ತದ ನೀರು. "ನಮ್ಮ ಹಿರಿಯರಿಗೆ ಅಣುವಿನ ಗುಟ್ಟು ಗೊತ್ತಿತ್ತು" ಎಂಬ ಹೇಳಿಕೆ. ಸತ್ಕಾರಗಳು ಸಾಲುಗಟ್ಟಿದವು. ಒಂದು ಸತ್ಕಾರದಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರು, ಈ ಬೂದಿಯಿಂದ ಮುಂದೆ ಗಾಡಿಗಳೂ ಓಡುತ್ತವೆ ಅಂದರು. ಸರ್ ಅದನ್ನು ತಿದ್ದಲಿಲ್ಲ. ಕಣ್ಣು ಮುಚ್ಚಿ ತಲೆಯಾಡಿಸಿದರು. ಡಬಲ್ ಬಾಂಡ್ ಅಂದರೇನೆಂದು ಆ ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ. ಚಪ್ಪಾಳೆ ಹೊಡೆಯುವುದಕ್ಕೆ ಅದು ಬೇಕಾಗಿಯೂ ಇರಲಿಲ್ಲ.

ಶನಿವಾರ ನಿಲಂಗಾ ಮೇಲಿಂದ ಎಸ್‌ಟಿ ಬಸ್ಸಿನಲ್ಲಿ ಮನೆಗೆ ಹೋದಾಗ ಅಪ್ಪ ಆ ಪತ್ರಿಕೆಯನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟುಕೊಂಡು ಕೂತಿದ್ದರು. ದಿನಾ ಲಿಂಗಪೂಜೆ ಮಾಡಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡೇ ಅಂಗಡಿ ತೆಗೆಯುವ ಮನುಷ್ಯ. ಖುಷಿಯಾಗಿರಬಹುದೆಂದುಕೊಂಡಿದ್ದೆ.

"ಇಂವಾ ಏನ್ ನಿಮ್ಮ ಮಾಸ್ತರ?"

"ಹೂಂ ಅಪ್ಪಾ."

"ವಿಭೂತಿ ಹಣಿಗಿ ಹಚ್ಕೋಳೋದದ. ಬಾಟಲ್ಯಾಗ ಹಾಕಿ ಫೋಟೋ ತಗಸ್ಕೊಳೋದಲ್ಲ." ಪತ್ರಿಕೆ ಮಡಚಿ ಕೆಳಗಿಟ್ಟರು. ಆಮೇಲೆ ಆ ಮಾತು ಎತ್ತಲಿಲ್ಲ.

ಮಳೆ ಹಿಂದೆಗೆಯಿತು. ಹೊಲಗಳಲ್ಲಿ ಸೋಯಾ ಹಳದಿಗೆ ತಿರುಗಿತು. ನನಗೆ ಸರ್ ಹಚ್ಚಿದ ಕೆಲಸ ಅದೇ ಕ್ರಿಯೆಯನ್ನು ಅದೇ ಬಗೆಯ ಬೇರೆ ಎಣ್ಣೆಗಳ ಮೇಲೆ ಮಾಡಿ ನನ್ನ ಪ್ರಬಂಧ ಕಟ್ಟುವುದು. ಮೊದಲು ಲವಂಗದೆಣ್ಣೆಯಲ್ಲೇ ಕೈ ಪಳಗಿಸಿಕೊಳ್ಳೋಣವೆಂದು ಶುರು ಮಾಡಿದೆ. ಲಾತೂರಿನಿಂದ ನನಗಾಗಿ ಒಂದು ಹೊಸ ಕಲಕುವ ಯಂತ್ರ ತರಿಸಿದ್ದರು. ಅದರ ಮೇಲೆ ಪಾತ್ರೆ ಇಟ್ಟು, ಒಳಗೆ ಬಿಳಿ ಪ್ಲಾಸ್ಟಿಕ್ ಕವಚದ ಬೆರಳುಗೆಣ್ಣಿನಷ್ಟು ಉದ್ದದ ಅಯಸ್ಕಾಂತದ ಕಡ್ಡಿ ಹಾಕಿದರೆ, ಕೆಳಗಿನ ಯಂತ್ರ ತಿರುಗಿದಂತೆ ಅದೂ ತಿರುಗಿ ದ್ರಾವಣ ಕಲಕುತ್ತದೆ. ಲ್ಯಾಬುಗಳಲ್ಲಿ ಅದಕ್ಕೆ ನೀಡಲ್ ಅನ್ನುತ್ತಾರೆ. ವಿಭೂತಿ ಅರೆದೆ, ಸ್ಪಿರಿಟ್ ಹಾಕಿದೆ, ಬೆಚ್ಚಗೆ ಮಾಡಿದೆ.

ಸಂಜೆ ಮುಚ್ಚಳ ತೆಗೆದರೆ ಲವಂಗ. ಮರುದಿನವೂ ಲವಂಗ. ವಿಭೂತಿ ಹೆಚ್ಚು ಹಾಕಿದೆ, ಲವಂಗ. ಶಾಖ ಹೆಚ್ಚಿಸಿದೆ, ಬಿಸಿಬಿಸಿ ಲವಂಗ. ಒಂದು ವಾರಕ್ಕೆ ನನ್ನ ಕೂದಲು, ದುಪಟ್ಟಾ, ಡಬ್ಬಿಯ ರೊಟ್ಟಿ ಎಲ್ಲಕ್ಕೂ ಅದೇ ವಾಸನೆ. ರೂಮಿನ ಗೆಳತಿ ನನ್ನ ಹಾಸಿಗೆಯನ್ನು ಕಿಟಕಿಯ ಕಡೆ ತಳ್ಳಿದಳು.

ಸರ್ ಮೊದಲು ನನ್ನ ಕೈಗುಣ ಸರಿಯಿಲ್ಲ ಅಂದರು. ಆಮೇಲೆ ಗಮನವಿಲ್ಲ ಅಂದರು. ಆಮೇಲೊಂದು ದಿನ ತಮ್ಮ ಕೋಣೆಗೆ ಕರೆದು, ನನ್ನ ಮುಖ ನೋಡದೆ ಗೋಡೆಯ ಮೇಲಿನ ತಮ್ಮದೇ ಫೋಟೋ ನೋಡುತ್ತ ಹೇಳಿದರು.

"ಶೋಭಾ, ನೀ ಮಡಿ-ಗಿಡಿ ನೋಡ್ತಿ ಇಲ್ಲೋ?"

ನನಗೆ ತಕ್ಷಣ ತಿಳಿಯಲಿಲ್ಲ. "ಏನ್ರಿ ಸರ್?"

"ಅದೇ… ಹೆಣ್ಣಮಕ್ಕಳ ದಿನ ಇರ್ತಾವಲ್ಲ. ಆವಾಗ ವಿಭೂತಿ ಮುಟ್ಟಬ್ಯಾಡ. ಹಂಗ ಮುಟ್ಟಿದ್ರ ಅದರ ಶಕ್ತಿ ಕಮ್ಮಿ ಆಗತದ."

ರಸಾಯನಶಾಸ್ತ್ರದ ಪ್ರಾಧ್ಯಾಪಕ! ಅಣುವಿನ ರಚನೆ ಕಲಿಸಿ ಸಂಬಳ ಎಣಿಸುವ ಮನುಷ್ಯ! ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಎದುರಿಗಿದ್ದ ಆ ಮನುಷ್ಯ ಒಮ್ಮೆಲೇ ಬಹಳ ಸಣ್ಣವನಾಗಿ ಕಂಡ. ಕುರ್ಚಿಯ ಮೇಲೆ ಶಾಲು ಮಾತ್ರ ಕೂತಂತೆ ಕಂಡಿತು. ಅಂದಿನಿಂದ ಇಂದಿನವರೆಗೆ ನನಗೆ ಅವರು ಅಷ್ಟೇ ಗಾತ್ರದವರು.

ಅವ್ವನಿಗೆ ಹೇಳಿದೆ. ಅವ್ವ ಅಪ್ಪನಿಗೆ ಹೇಳಿದಳು. ಅಪ್ಪ ಊಟದ ತಾಟು ಸರಿಸಿ ಎದ್ದು ನಿಂತರು. "ಲಿಂಗ ಕಟ್ಕೊಂಡ ಮೈಗಿ ಮೈಲಿಗಿ ಎಲ್ಲಿಂದ ಬಂತು? ನಮ್ಮ ಶರಣರು ಇದನ್ನೆಲ್ಲ ತಗದು ಬಿಸಾಕಿ ಎಷ್ಟ ಕಾಲ ಆಯ್ತು! ಇಂವಾ ನಮ್ಮಾಂವ ಅಂತ ಹೇಳ್ಕೊಂಡು ತಿರಗತಾನಲ್ಲ, ಇಷ್ಟೂ ಗೊತ್ತಿಲ್ಲೇನು ಅವಗ?" ಮರುದಿನವೇ ಉದಗೀರಕ್ಕೆ ಬಂದು ಅವನನ್ನು ಕಾಲೇಜಿನ ಅಂಗಳದಲ್ಲಿ ನಿಲ್ಲಿಸಿ ಕೇಳುತ್ತೇನೆ ಅಂದರು. ಬೇಡವೆಂದು ತಡೆದೆ. ನನಗೆ ಉತ್ತರ ಬೇರೆ ಕಡೆಯಿಂದ ಬೇಕಾಗಿತ್ತು. ಪಾತ್ರೆಯ ಕಡೆಯಿಂದ.

ದಸರೆಗೆ ಇರ್ಫಾನ್ ಭಾಯಿ ಹೆಂಡತಿಯ ಊರಿಗೆ ಹೋದರು. ಅವರ ಮೂಲೆ ಖಾಲಿಯಿತ್ತು. ಅವರ ಯಂತ್ರದ ಮೇಲೆ ಅವರದೇ ಪಾತ್ರೆ, ಅವರದೇ ನೀಡಲ್ ಇಟ್ಟು ಅದೇ ಎಣ್ಣೆ, ಅದೇ ವಿಭೂತಿ ಹಾಕಿದೆ. ಸಂಜೆಗೆ ಹೂವಿನ ವಾಸನೆ. ಹಾಗಾದರೆ ನನ್ನ ಕೈಗುಣವಲ್ಲ, ನನ್ನ ಮೈಯೂ ಅಲ್ಲ. ಯಂತ್ರವಿರಬಹುದು ಎಂದು ನನ್ನ ನೀಡಲ್ಲನ್ನು ಅವರ ಯಂತ್ರದ ಮೇಲೆ ಹಚ್ಚಿದೆ. ಲವಂಗ. ಆಗ ಮೊದಲ ಸಲ ಅವರ ನೀಡಲ್ಲನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಂದು ನೋಡಿದೆ. ನನ್ನದು ಹಾಲಿನಂತೆ ಬಿಳಿ. ಅವರದು ಬೂದು ಬಣ್ಣಕ್ಕೆ ತಿರುಗಿ, ಮೈಮೇಲಿನ ಗೀರುಗಳಲ್ಲಿ ಕಪ್ಪು ಹಿಡಿದಿತ್ತು.

ನಮಗಿಂತ ಮೊದಲಿದ್ದ ಒಬ್ಬ ವಿದ್ಯಾರ್ಥಿ ಅದೇ ಮೂಲೆಯಲ್ಲಿ ಪೆಲ್ಲಾಡಿಯಂ ಎಂಬ ಬೆಲೆಬಾಳುವ ಲೋಹದ ಪುಡಿ ಹಾಕಿ ಕೆಲಸ ಮಾಡಿದ್ದ. ಡಬಲ್ ಬಾಂಡ್ ಸರಿಸುವುದು ಆ ಲೋಹಕ್ಕೆ ಎಡಗೈ ಕೆಲಸ, ಪುಸ್ತಕದಲ್ಲೇ ಇದೆ. ಅದರ ಕಣಗಳು ಗೀರುಗಳೊಳಗೆ ಹೊಕ್ಕು ಕೂತಿದ್ದವು. ಎಷ್ಟು ತೊಳೆದರೂ ಬಿಟ್ಟಿರಲಿಲ್ಲ.

ಮರುದಿನ ವಿಭೂತಿಯನ್ನು ಹಾಕಲೇ ಇಲ್ಲ. ಎಣ್ಣೆ, ಸ್ಪಿರಿಟ್, ಕಪ್ಪು ನೀಡಲ್ ಅಷ್ಟೇ. ಸಂಜೆ ಮುಚ್ಚಳ ತೆಗೆದಾಗ ಬಂದ ಮೆತ್ತನೆಯ ಪರಿಮಳಕ್ಕೆ ನಾನು ಒಬ್ಬಳೇ ಜೋರಾಗಿ ನಕ್ಕೆ. ಶಾಲುಗಳು, ಪೇಢೆಗಳು, ಬೂದಿಯಿಂದ ಓಡುವ ಗಾಡಿಗಳು, ನನ್ನ ಮೈಲಿಗೆ, ಎಲ್ಲವೂ ಯಾರೋ ಸರಿಯಾಗಿ ತೊಳೆಯದೆ ಬಿಟ್ಟ ಒಂದು ಕಡ್ಡಿಯ ಕೊಳೆಯ ಮೇಲೆ ನಿಂತಿದ್ದವು.

ಇರ್ಫಾನ್ ಭಾಯಿ ಊರಿನಿಂದ ಬಂದ ಕೂಡಲೇ ತೋರಿಸಿದೆ. ಅವರು ಆಶ್ಚರ್ಯಪಡಲಿಲ್ಲ. ಅದೇ ನನಗೆ ಆಶ್ಚರ್ಯವಾಯಿತು.

"ನಿಮಗ ಗೊತ್ತಿತ್ತು," ಅಂದೆ.

"ಶಕ್ ಇತ್ತು, ಅನುಮಾನ ಇತ್ತು." ಸ್ಟೂಲಿನ ಮೇಲೆ ಕೂತರು. "ಎರಡನೇ ಸಲ ಮಾಡಾಗೇ ಶಕ್ ಬಂತು. ಖರೇ ಏನ ಅಂತ ನೋಡ್ಲಿಲ್ಲ. ನೋಡಿದ್ರ ಹೇಳಬೇಕಾಗತಿತ್ತು."

"ಈಗ ಹೇಳೂಣು ಬರ್ರಿ."

"ನಕ್ಕೊ ಶೋಭಾ, ಬ್ಯಾಡ." ಕೈ ಜೋಡಿಸಿದರು. ನನಗಿಂತ ಹಿರಿಯ ಮನುಷ್ಯ ನನ್ನೆದುರು ಕೈ ಜೋಡಿಸಿದ್ದು ನೋಡಲಾಗಲಿಲ್ಲ. "ಥೀಸಿಸ್ ಕೊಟ್ಟೀನಿ. ಚಳಿಗಾಲದಾಗ ವೈವಾ ಅದ. ಅದು ಮುಗಿಯೂತನ ಸುಮ್ನಿರು. ಉಮರ್ಗಾದವ್ರು ಕಾಯಾಕತ್ಯಾರ. ಎಷ್ಟ ವರ್ಷ ಅಂತ ನೌಕರಿ ಇಲ್ದ ಮಾವನ ಮನ್ಯಾಗ ಮಾರಿ ತೋರಿಸ್ಲಿ?"

ಒಪ್ಪಿದೆ. ಮನಸ್ಸಿನಿಂದ ಒಪ್ಪಲಿಲ್ಲ. ಸರ್ ಮೇಲಿದ್ದ ತಿರಸ್ಕಾರದಲ್ಲಿ ಒಂದು ಪಾಲನ್ನು ಆವತ್ತೇ ಇರ್ಫಾನ್ ಭಾಯಿಯ ಹೆಸರಿಗೆ ಬರೆದೆ. ಸರ್‌ಗಾದರೂ ಗೊತ್ತಿಲ್ಲ, ಮೂರ್ಖ. ಇವರು ಗೊತ್ತಿದ್ದೂ ಕಣ್ಣು ಮುಚ್ಚಿದವರು ಎಂದುಕೊಂಡೆ.

ವೈವಾದ ದಿನ ಹೊರಗಿನಿಂದ ಬಂದ ಪರೀಕ್ಷಕರು ಉಪ್ಪಿಟ್ಟು ತಿನ್ನುತ್ತ ಪ್ರಶ್ನೆ ಕೇಳಿದರು. ವಿಭೂತಿ ಮನೆಯದೋ, ಅಂಗಡಿಯದೋ ಎಂಬುದು ಅವರ ಅತಿ ಕಠಿಣ ಪ್ರಶ್ನೆ. ಇರ್ಫಾನ್ ಭಾಯಿ ತಲೆ ತಗ್ಗಿಸಿ ಉತ್ತರ ಹೇಳಿದರು. ಎಲ್ಲರೂ ಅದನ್ನು ವಿನಯ ಅಂದುಕೊಂಡರು. ಡಾಕ್ಟರ್ ಇರ್ಫಾನ್ ಎಂದು ಘೋಷಿಸಿ ಹಾರ ಹಾಕಿದರು.

ಇರ್ಫಾನ್ ಭಾಯಿಗೆ ಕೊಟ್ಟ ಮಾತು ತೀರಿತ್ತು. ಮರುವಾರ ನಾನು ಸರ್ ಕೋಣೆಗೆ ಹೋಗಿ ಎರಡು ಸೀಸೆ ಮೇಜಿನ ಮೇಲಿಟ್ಟೆ, ಪಕ್ಕದಲ್ಲಿ ಕಪ್ಪು ನೀಡಲ್ ಇಟ್ಟೆ. ಯಾವುದರಲ್ಲಿ ಏನು ಹಾಕಿದೆ, ಯಾವುದರಲ್ಲಿ ಬಾಂಡ್ ಸರಿಯಿತು, ಯಾವುದರಲ್ಲಿ ಸರಿಯಲಿಲ್ಲ ಎಲ್ಲ ಹೇಳಿದೆ. ಕೂಗಾಡುತ್ತಾರೆಂದು ಸಿದ್ಧಳಾಗಿ ಹೋಗಿದ್ದೆ. ಸರ್ ಎರಡೂ ಸೀಸೆ ಮೂಸಿ ನೋಡಿದರು. ಆಮೇಲೆ ನೀಡಲ್ಲನ್ನು ಎತ್ತಿ, ಕರವಸ್ತ್ರದಲ್ಲಿ ಸುತ್ತಿ, ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು.

"ಬಾಂಡ್ ಸರದಾದ ಇಲ್ಲೋ?" ಅಂದರು.

"ಸರದಾದ್ರಿ. ಆದ್ರ ವಿಭೂತಿಯಿಂದ ಅಲ್ಲ."

"ಸರದಾದಲ್ಲ, ಆಯ್ತು. ಇದರಾಗ ಯಾರಿಗಿ ಏನ್ ಲುಕ್ಸಾನ ಆಗ್ಯಾದ? ನಿನ್ನ ಥೀಸಿಸೂ ಆಗತದ. ಎಲ್ಲಾರೂ ಖುಷಿ ಇದ್ದಾರ. ನೀ ಯಾಕ ಮಾರಿ ಸಣ್ಣದು ಮಾಡ್ಕೊಂಡು ನಿಂತಿ?"

ಬೇರೆ ಮಾರ್ಗದರ್ಶಕರ ಬಳಿ ಹೋಗಲು ಒಪ್ಪಿಗೆ ಪತ್ರ ಕೊಡಿ ಎಂದು ಕೇಳಿದೆ. "ಮುಂದಿನ ವರ್ಷ ನೋಡೂಣು," ಎಂದು ಫೋನು ಎತ್ತಿ ಇಂಗ್ಲಿಷಿಗೆ ಹೊರಳಿದರು.

ಮುಂದಿನದು ವಿಜ್ಞಾನ ದಿನಾಚರಣೆ. ಬಿಸಿಲು ಆಗತಾನೆ ಏರತೊಡಗಿತ್ತು. ಹೈದರಾಬಾದಿನ ದೊಡ್ಡ ಸಂಸ್ಥೆಯೊಂದರಿಂದ ನಿವೃತ್ತರಾದ ಒಬ್ಬ ಮೇಡಂ ಮುಖ್ಯ ಅತಿಥಿ. ಸಭಾಂಗಣದಲ್ಲಿ ವೇದಿಕೆಯ ಮೇಲೇ ಯಂತ್ರ, ಪಾತ್ರೆ ಇಟ್ಟಿದ್ದರು. ಸರ್ ಎಲ್ಲರೆದುರು ಸ್ವತಃ ಪ್ರಯೋಗ ಶುರು ಮಾಡುವುದು, ಸಂಜೆ ಮೇಡಂ ಮುಚ್ಚಳ ತೆಗೆದು ವಾಸನೆ ನೋಡುವುದು, ಇದು ಕಾರ್ಯಕ್ರಮ. ಅಪ್ಪನೂ ಬಂದಿದ್ದರು. ಯಾಕೆ ಬಂದಿರಿ ಎಂದರೆ, "ಅವನ್ನ ಒಮ್ಮಿ ಕಣ್ಣಾರೆ ನೋಡ್ಬೇಕು," ಅಂದರು. ಉಮರ್ಗಾದಿಂದ ಡಾಕ್ಟರ್ ಇರ್ಫಾನ್ ಅವರನ್ನೂ ಕರೆಸಿ ಮುಂದಿನ ಸಾಲಿನಲ್ಲಿ ಕೂಡಿಸಿದ್ದರು.

ಸರ್ ಎಣ್ಣೆ ಸುರಿದರು, ಸ್ಪಿರಿಟ್ ಸುರಿದರು. ಕಣ್ಣು ಮುಚ್ಚಿ, ಕ್ಯಾಮೆರಾದವನು ಸಾಕೆನ್ನುವವರೆಗೂ ಕೈ ತಡೆದು, ವಿಭೂತಿಯನ್ನು ಉದುರಿಸಿದರು. ಚಪ್ಪಾಳೆ. ಆ ಚಪ್ಪಾಳೆಯ ನಡುವೆ ಬೆನ್ನು ತಿರುಗಿಸಿ, ಜೇಬಿನಿಂದ ಕರವಸ್ತ್ರ ತೆಗೆದು, ಏನನ್ನೋ ಪಾತ್ರೆಯೊಳಗೆ ಬಿಟ್ಟರು. ಟಣ್ ಎಂದು ಗಾಜಿಗೆ ತಾಗಿದ ಸಣ್ಣ ಸದ್ದು ಮೈಕಿನಲ್ಲಿ ಕೇಳಿಸಿತು.

ವಿಭೂತಿಯ ಮೇಲೆ ಭರವಸೆ ಇಟ್ಟ ಮೂರ್ಖ ಎಂದುಕೊಂಡಿದ್ದೆನಲ್ಲ, ಆ ಗೌರವಕ್ಕೂ ಆ ಮನುಷ್ಯ ಯೋಗ್ಯನಾಗಿರಲಿಲ್ಲ.

"ಪ್ರಶ್ನೆಗಳಿದ್ದರೆ ಕೇಳಿ," ಅಂದರು ಮೇಡಂ, ಹಿಂದಿಯಲ್ಲಿ. ನಾನು ಎದ್ದು ನಿಂತೆ.

"ಪಕ್ಕದಲ್ಲಿ ಇನ್ನೊಂದು ಪಾತ್ರೆ ಇಡಬೇಕು ಮೇಡಂ. ಅದೇ ಎಣ್ಣೆ, ಅದೇ ವಿಭೂತಿ. ಆದರೆ ಹೊಸ ನೀಡಲ್. ಎರಡನ್ನೂ ಮೂಸಿ ನೋಡಿ."

ಸರ್ ನಕ್ಕರು. "ಹುಡುಗಿ ಇನ್ನೂ ಕಲೀಲಿಕ್ಕತ್ಯಾಳ. ಯಂತ್ರ ಒಂದೇ ಅದ, ಮ್ಯಾಲ ಕರೆಂಟಿನ ಭರವಸಾ ಇಲ್ಲ." ಸಭೆಯೂ ನಕ್ಕಿತು. ಕರೆಂಟಿನ ಮಾತಿಗೆ ನಮ್ಮ ಕಡೆ ಯಾವಾಗಲೂ ನಗುತ್ತಾರೆ.

ಆಗ ಇರ್ಫಾನ್ ಭಾಯಿ ಎದ್ದರು. ಯಾರಿಗೂ ಏನೂ ಹೇಳಲಿಲ್ಲ. ಪ್ರಯೋಗಾಲಯಕ್ಕೆ ಹೋಗಿ ನನ್ನ ಯಂತ್ರವನ್ನು ಎದೆಗೆ ಅವಚಿಕೊಂಡು ತಂದರು. ವೇದಿಕೆ ಹತ್ತಿ, ಸರ್ ಪಕ್ಕದಲ್ಲೇ ಇಟ್ಟು, ತಂತಿ ಸಿಕ್ಕಿಸಿ, ಎಣ್ಣೆ ಅಳೆದು ಹಾಕಿದರು. ಅದೇ ವಿಭೂತಿ ಹಾಕಿದರು. ನನ್ನ ಬಿಳಿ ನೀಡಲ್ಲನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಒಳಗೆ ಬಿಟ್ಟರು. ಸರ್ ಮೆಲ್ಲಗೆ ಏನೋ ಅಂದರು. ಮೈಕು ಅದನ್ನೂ ಹಿಡಿಯಿತು: "ಇರ್ಫಾನ್, ಉಮರ್ಗಾದವ್ರಿಗಿ ನಾ ಒಂದು ಫೋನ್ ಮಾಡಿದ್ರ…"

"ಮಾಡ್ರಿ ಸರ್," ಅಂದರು ಇರ್ಫಾನ್ ಭಾಯಿ. ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಅವರ ಹೆಸರಿಗೆ ಬರೆದಿದ್ದನ್ನೆಲ್ಲ ನಾನು ಆ ಕ್ಷಣವೇ ಹೊಡೆದುಹಾಕಿದೆ.

ಕರೆಂಟು ಹೋಗಲಿಲ್ಲ. ಊಟ, ಭಾಷಣ, ಬಹುಮಾನ ಎಲ್ಲ ಮುಗಿಯುವ ತನಕ ಎರಡೂ ಪಾತ್ರೆಗಳು ಪಕ್ಕಪಕ್ಕದಲ್ಲಿ ಕಲಕುತ್ತಿದ್ದವು. ಸಂಜೆ ಮೇಡಂ ಮೊದಲು ಸರ್ ಪಾತ್ರೆ ಮೂಸಿದರು. ಆಮೇಲೆ ನಮ್ಮದು. ಮತ್ತೊಮ್ಮೆ ಮೊದಲಿನದು.

"ಇದು ಲವಂಗ," ಅಂದರು ನಮ್ಮ ಪಾತ್ರೆ ತೋರಿಸಿ. ಅವರು ಮುಂದೆ ಏನು ಹೇಳುತ್ತಾರೋ ಎಂದು ನಾನು ಕಾದೆ. ಅವರು ಕೈ ಒರೆಸಿಕೊಂಡು, "ಕುತೂಹಲಕಾರಿ. ಇನ್ನಷ್ಟು ಅಧ್ಯಯನ ಬೇಕು," ಎಂದು ಹೇಳಿ ಶಾಲು ಹೊದಿಸಿಕೊಂಡರು, ನೆನಪಿನ ಕಾಣಿಕೆ ತಗೊಂಡರು, ಫೋಟೋಕ್ಕೆ ನಿಂತರು. ಕಾರಿನವರೆಗೆ ಓಡಿಹೋಗಿ ಕೇಳಿದೆ. ಕಿಟಕಿ ಇಳಿಸಿ ಹೇಳಿದರು, "ಲೇಖನ ಓದಿದಾಗಲೇ ನನಗೆ ಅನುಮಾನ ಬಂದಿತ್ತು ಮಗಳೇ. ಇಂಥವು ಎಷ್ಟೋ ಬರುತ್ತವೆ. ಯಾರು ಯಾರಿಗಂತ ಹೇಳುವುದು?" ಕಿಟಕಿ ಏರಿತು. ಅವರ ಮಡಿಲಲ್ಲಿ ಶಾಲು ಮಡಚಿಟ್ಟಿತ್ತು.

ಸಭಾಂಗಣ ಖಾಲಿಯಾದ ಮೇಲೆ ಪಾತ್ರೆ ತೊಳೆಯುತ್ತಿದ್ದೆ. ಹೊರಗೆ ಅಪ್ಪ, ಇರ್ಫಾನ್ ಭಾಯಿ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ನನಗಾಗಿ ಕಾಯುತ್ತಿದ್ದರು. ಸರ್ ಒಳಗೆ ಬಂದರು. ಬೈಗುಳಕ್ಕೆ ತಯಾರಾದೆ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಒಂದು ವರ್ಷದಲ್ಲಿ ನಾನು ಅಲ್ಲಿ ಕಾಣದೇ ಇದ್ದ ಒಂದು ಕುತೂಹಲ ಇತ್ತು.

"ಶೋಭಾ, ಆ ನೀಡಲ್‌ನ್ಯಾಗ ಪೆಲ್ಲಾಡಿಯಂ ಎಷ್ಟಿರಬಹುದು? ಭಾಳ ಕಮ್ಮಿ ಇರಬೇಕಲ್ಲ?"

ನಾನು ತೊಳೆಯಲು ಇನ್ನೊಂದು ಪಾತ್ರೆ ಎತ್ತಿಕೊಂಡೆ.

"ಇಷ್ಟ ಕಮ್ಮಿಯಿಂದ ಬಾಂಡ್ ಸರೀತದ ಅಂದ್ರ ಅದೇ ಒಂದು ದೊಡ್ಡ ವಿಷಯ. ಬರಿಯೂಣು. ನಿನ್ನ ಹೆಸರು ಮೊದಲು ಹಾಕೂಣು, ಆಮ್ಯಾಲ ನಂದು."

ಆ ಮನುಷ್ಯ ಜೀವಮಾನದಲ್ಲಿ ಆಡಿದ ಒಂದೇ ಸರಿಯಾದ ಮಾತು ಅದು. ಅದು ನಿಜಕ್ಕೂ ಬರೆಯಬೇಕಾದ ಲೇಖನವೇ ಆಗಿತ್ತು. ಅದೇ ನನಗೆ ಹೆಚ್ಚು ಅಸಹ್ಯವಾಯಿತು. ಆಗತಾನೆ ಬಿದ್ದ ಪೆಟ್ಟು ಒಂದು ತಾಸಿನೊಳಗೆ ಅವರ ಮೈಮೇಲೆ ಗುರುತೂ ಇಲ್ಲದೆ ಒಣಗಿತ್ತು.

"ಬ್ಯಾಡ್ರಿ ಸರ್," ಎಂದು ಪಾತ್ರೆ ಬೋರಲು ಹಾಕಿ ಹೊರಗೆ ಬಂದೆ. ಬೇಸಿಗೆ ಮುಗಿಯುವುದರೊಳಗೆ ಒಪ್ಪಿಗೆ ಪತ್ರ ಬಂತು. ನನ್ನನ್ನು ಅಲ್ಲಿ ಇಟ್ಟುಕೊಳ್ಳುವ ಆಸೆ ಅವರಿಗೂ ಉಳಿದಿರಲಿಲ್ಲ. ಕಲಬುರಗಿಗೆ ಬಂದು, ಹೆಚ್ಚು ಮಾತಾಡದ, ಪಾತ್ರೆ ತಾವೇ ತೊಳೆಯುವ ಒಬ್ಬ ಮೇಡಂ ಬಳಿ ಸೇರಿದೆ. ಇರ್ಫಾನ್ ಭಾಯಿಯ ಉಮರ್ಗಾದ ಕೆಲಸ ಆ ವರ್ಷದ ಕೊನೆಗೆ ಹೋಯಿತು. ಈಗ ಅದೇ ಊರಿನಲ್ಲಿ ಸ್ವಂತ ಟ್ಯೂಶನ್ ಕ್ಲಾಸು ನಡೆಸುತ್ತಾರೆ. ಸುತ್ತಲಿನ ತುರೋರಿ, ಮುರುಮ ಕಡೆಯಿಂದೆಲ್ಲ ಹುಡುಗರು ಬರುತ್ತಾರಂತೆ. ಫೋನು ಮಾಡಿದರೆ ಮೊದಲು ಕೇಳುವುದು, "ಸಾಮಾನು ತೊಳ್ದಿ ಏನು?"

ಬಿರಾದಾರ ಸರ್‌ಗೆ ಏನೂ ಆಗಲಿಲ್ಲ. ಮರುವರ್ಷ ಪ್ರಿನ್ಸಿಪಾಲರಾದರು. ಅದೇ ವರ್ಷ ಅವರದೊಂದು ಹೊಸ ಲೇಖನ ಬಂತು. ನೀಡಲ್ಲಿನ ಗೀರುಗಳಲ್ಲಿ ಉಳಿದ ಲೋಹದ ಕಣಗಳು ಡಬಲ್ ಬಾಂಡನ್ನು ಹೇಗೆ ಸರಿಸುತ್ತವೆ ಎಂಬುದರ ಮೇಲೆ. ಜೊತೆಗೆ ಯಾರೋ ಹೊಸ ವಿದ್ಯಾರ್ಥಿಯ ಹೆಸರು. ವಿಭೂತಿಯ ಲೇಖನವನ್ನು ಹಿಂದಕ್ಕೆ ಪಡೆಯಲಿಲ್ಲ. ಕಾಲೇಜಿನ ವೆಬ್‌ಸೈಟಿನಲ್ಲಿ ಇವತ್ತಿಗೂ ಎರಡೂ ಒಂದರ ಕೆಳಗೊಂದು ಇವೆ. ಅದೇ ಎಣ್ಣೆ, ಅದೇ ಪಾತ್ರೆ. ಒಂದರಲ್ಲಿ ಬಂಧ ಸರಿಸಿದ್ದು ವಿಭೂತಿ, ಇನ್ನೊಂದರಲ್ಲಿ ನೀಡಲ್. ಎರಡಕ್ಕೂ ಅವರ ಸಹಿ. ಯಾರೂ ಕೇಳಿಲ್ಲ.

ಆ ಲೇಖನ ನೋಡಿದ ವಾರ ಊರಿಗೆ ಹೋಗಿದ್ದೆ. ಸೋಯಾ ಬರುವ ಕಾಲ. ಅಂಗಡಿಯ ಮುಂದೆ ಚೀಲಗಳ ರಾಶಿ. ಅಪ್ಪ ಒಂದು ಚೀಲದಿಂದ ಹಿಡಿ ಕಾಳು ತೆಗೆದು ಅಂಗೈಯಲ್ಲಿ ಹರವಿಕೊಂಡು ನೋಡುತ್ತಿದ್ದರು. ಹೇಳಬಾರದೆಂದುಕೊಂಡೇ ಹೇಳಿಬಿಟ್ಟೆ.

ಅಪ್ಪ ಕಾಳುಗಳಿಂದ ಕಣ್ಣೆತ್ತಲಿಲ್ಲ. "ಎರಡ್ರಾಗ ಖರೇದು ಯಾವ್ದು?"

"ಎರಡನೇದು."

"ಅದು ನೀ ಹುಡುಕಿದ್ದಲ್ಲ?"

"ಹೂಂ ಅಪ್ಪಾ. ನಂದೇ."

ಕಾಳನ್ನು ಮತ್ತೆ ಚೀಲಕ್ಕೆ ಸುರಿದು ಕೈ ಝಾಡಿಸಿದರು.

"ಹಂಗಾದ್ರ ಈ ಸಲ ಚೊಲೋ ಮಾಲು ಕದ್ದಾನ."